ಪಥ್ಯ ಯಾರಿಗೆ? ಕನ್ನಡನಾಡಿನ ಆಹಾರಗ್ರಂಥಗಳೂ ಇಂದಿನ ಡಯಟ್ಟುಗಳೂ

ಬೆಂಗಳೂರಿನ ಮಾಗಡಿ ರಸ್ತೆ ಒಂದು ಬದಿಗೆ ವಿಜಯನಗರವನ್ನೂ ಇನ್ನೊಂದು ಬದಿಗೆ ಬಸವೇಶ್ವರನಗರವನ್ನೂ ಬಿಟ್ಟುಕೊಂಡು, ಸುಮನಹಳ್ಳಿ, ಸುಂಕದಕಟ್ಟೆಗಳನ್ನು ದಾಟಿ, ತಾವರೆಕೆರೆಯ ಮೂಲಕ ಮಾಗಡಿಯನ್ನು ಸೇರುತ್ತದೆ. ರಾಗಿ ಬೆಳೆಯುವ ಸೀಮೆಗೂ ರಾಗಿ ಉಣ್ಣುವ ನಗರಕ್ಕೂ ನಡುವಣ ಹಳೆಯ ದಾರಿ ಇದು. ಇಂದು ಈ ದಾರಿಯ ನಗರಭಾಗದಲ್ಲಿಯೂ ರಾಜಾಜಿನಗರದ ಅಡ್ಡರಸ್ತೆಗಳಲ್ಲಿಯೂ ಸಿರಿಧಾನ್ಯದ ಅಂಗಡಿಗಳು, ಕೀಟೋ ಊಟದ ಡಬ್ಬಿಗಳು, ಉಪವಾಸದ ವೇಳಾಪಟ್ಟಿಗಳು ಒಂದರ ಪಕ್ಕದಲ್ಲೊಂದು ಕಾಣಸಿಗುತ್ತವೆ. ಇವುಗಳ ಪ್ರಚಾರದಲ್ಲಿ ಪುನಃ ಪುನಃ ಕೇಳಿಬರುವ ಮಾತು ‘ನಮ್ಮ ಪೂರ್ವಿಕರು ಇದನ್ನೇ ಉಣ್ಣುತ್ತಿದ್ದರು’ ಎಂಬುದು. ಕೆಲವೊಮ್ಮೆ ಆ ಮಾತಿನ ಬೆಂಬಲಕ್ಕೆ ಹಳೆಯ ಗ್ರಂಥಗಳ ಹೆಸರೂ ಬರುತ್ತದೆ. ಹೆಸರು ಬಂದ ಮೇಲೆ ಆ ಗ್ರಂಥಗಳು ನಿಜವಾಗಿ ಏನು ಹೇಳುತ್ತವೆ ಎಂದು ನೋಡುವುದು ಸಾಹಿತ್ಯದ ವಿದ್ಯಾರ್ಥಿಗಳ ಕರ್ತವ್ಯವಾಗುತ್ತದೆ.

ಮೊದಲು ‘ಪಥ್ಯ’ ಎಂಬ ಪದವನ್ನೇ ಗಮನಿಸಬಹುದು. ಇದು ‘ಪಥ’ ಶಬ್ದದಿಂದ ಬಂದುದು. ದಾರಿಗೆ ಹೊಂದುವಂಥದು ಎಂದರ್ಥ. ಚರಕಸಂಹಿತೆಯ ಸೂತ್ರಸ್ಥಾನ ಪಥ್ಯದ ಲಕ್ಷಣವನ್ನು ಹೇಳುವಾಗ ದೇಹದ ಮಾರ್ಗಗಳಿಗೆ ಬಾಧೆ ತರದಿರುವುದು, ಮನಸ್ಸಿಗೂ ಒಪ್ಪುವುದು ಎಂಬ ಎರಡು ಅಂಶಗಳನ್ನು ಇಡುತ್ತದೆ. ಅದರ ಬೆನ್ನಿಗೇ ಒಂದು ಎಚ್ಚರಿಕೆಯನ್ನೂ ಕೊಡುತ್ತದೆ: ಯಾವ ವಸ್ತುವೂ ತನ್ನಷ್ಟಕ್ಕೆ ತಾನು ಸದಾ ಪಥ್ಯವೋ ಅಪಥ್ಯವೋ ಆಗಿರುವುದಿಲ್ಲ, ಪ್ರಮಾಣ, ಕಾಲ, ಸಂಸ್ಕಾರ, ನೆಲ, ದೇಹ, ದೋಷಗಳಿಗೆ ತಕ್ಕಂತೆ ಅದು ಬದಲಾಗುತ್ತದೆ. ಕನ್ನಡದಲ್ಲಿ ‘ಪಥ್ಯ ಮಾಡುವುದು’ ಎಂದರೆ ಇಂದಿಗೂ ಕಾಯಿಲೆಯವರ ಅಥವಾ ಬಾಣಂತಿಯ ಊಟವೇ ನೆನಪಾಗುತ್ತದೆ. ಇಂಥವರಿಗೆ, ಇಂಥ ಅವಸ್ಥೆಯಲ್ಲಿ, ಇಷ್ಟು ದಿನ ಎಂಬ ಮೂರು ಮಿತಿಗಳು ಆ ಪದದೊಳಗೇ ಅಡಗಿವೆ. ‘ಡಯಟ್’ ಎಂಬ ಪದ ಬಳಕೆಗೆ ಬಂದಾಗ ಜಾರಿಹೋದುದು ಈ ಮೂರು ಮಿತಿಗಳು. ಪಥ್ಯವನ್ನು ಅದರ ರೋಗಿಯಿಂದ ಬಿಡಿಸಿ ಎಲ್ಲರಿಗೂ ಹಂಚಿದಾಗ ಹುಟ್ಟುವುದೇ ಇಂದಿನ ಡಯಟ್ ಗೀಳು ಎನ್ನಬೇಕು.

ಕನ್ನಡನಾಡಿನ ವೈದ್ಯಪರಂಪರೆಯಲ್ಲಿ ಆಹಾರದ ಚರ್ಚೆಗೆ ದೊಡ್ಡ ಸ್ಥಾನವಿದೆ. 9ನೆಯ ಶತಮಾನದ ಉಗ್ರಾದಿತ್ಯಾಚಾರ್ಯರ ಸಂಸ್ಕೃತ ‘ಕಲ್ಯಾಣಕಾರಕ’ ಇದರಲ್ಲಿ ಮುಖ್ಯವಾದುದು. 1940ರಲ್ಲಿ ಸೊಲ್ಲಾಪುರದಿಂದ ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳ ಸಂಪಾದನೆಯಲ್ಲಿ ಅದು ಅಚ್ಚಾಯಿತು. ಮದ್ಯ, ಮಾಂಸ, ಮಧು ಈ ಮೂರನ್ನೂ ಬಿಟ್ಟು ಚಿಕಿತ್ಸೆಯನ್ನು ಹೇಳುವುದು ಅದರ ವೈಶಿಷ್ಟ್ಯ. ಕೊನೆಯಲ್ಲಿ ಸೇರಿರುವ ಹಿತಾಹಿತಾಧ್ಯಾಯ ಮಾಂಸವು ಔಷಧವೇ ಅಲ್ಲವೇ ಎಂಬ ವಾದವನ್ನು ಎತ್ತಿಕೊಳ್ಳುತ್ತದೆ. ಈ ವಾದ ರಾಷ್ಟ್ರಕೂಟ ಅಮೋಘವರ್ಷನ ಸಭೆಯಲ್ಲಿ ವೈದ್ಯರ ಮುಂದೆ ನಡೆದುದೆಂದು ಗ್ರಂಥವೇ ಸೂಚಿಸುತ್ತದೆ. ಇಂದಿನ ಓದುಗರು ಇದನ್ನು ಸಸ್ಯಾಹಾರದ ಪ್ರಚಾರಪತ್ರವೆಂದು ಉದಾಹರಿಸುವುದುಂಟು. ಗ್ರಂಥದ ನಡೆ ಅಷ್ಟು ಸರಳವಾಗಿಲ್ಲ. ಧರ್ಮದ ಆಜ್ಞೆಯೆಂದು ಹೇಳಿ ಮುಗಿಸಬಹುದಾಗಿದ್ದುದನ್ನು ಉಗ್ರಾದಿತ್ಯರು ವೈದ್ಯದ ಭಾಷೆಯಲ್ಲಿಯೇ, ದ್ರವ್ಯಗುಣಗಳ ನೆಲೆಯಲ್ಲಿಯೇ ವಾದಿಸುತ್ತಾರೆ. ಧಾನ್ಯಾದಿಗಳ ವಿಚಾರದಲ್ಲಿ ಅವುಗಳ ಗುಣವನ್ನೂ ಅವಗುಣವನ್ನೂ ಒಟ್ಟಿಗೆ ಎಣಿಸುತ್ತಾರೆ. ಒಂದೇ ಧಾನ್ಯವನ್ನು ಎತ್ತಿ ಹಿಡಿದು ಉಳಿದವನ್ನು ತಳ್ಳುವ ಕ್ರಮ ಅಲ್ಲಿಲ್ಲ. 12ನೆಯ ಶತಮಾನದಲ್ಲಿ ಜಗದ್ದಳ ಸೋಮನಾಥ ಪೂಜ್ಯಪಾದರ ಹೆಸರಿನಲ್ಲಿದ್ದ ‘ಕಲ್ಯಾಣಕಾರಕ’ವನ್ನು ಕನ್ನಡಕ್ಕೆ ತಂದಾಗ ಈ ದೃಷ್ಟಿ ದೇಶಭಾಷೆಗೂ ಇಳಿಯಿತು.

ಪಾಕಗ್ರಂಥಗಳ ಜಾತಿ ಬೇರೆ. ಅವುಗಳನ್ನು ಆರೋಗ್ಯಗ್ರಂಥಗಳೆಂದು ಓದುವುದೇ ಇಂದಿನ ಮೊದಲ ತಪ್ಪು. ಸುಮಾರು 1025ರಲ್ಲಿ ರಚಿತವಾದ ‘ಲೋಕೋಪಕಾರ’ದಲ್ಲಿ ಜ್ಯೋತಿಷ, ವಾಸ್ತು, ಜಲಶೋಧನೆ, ವೃಕ್ಷಾಯುರ್ವೇದ, ಸುಗಂಧದ್ರವ್ಯಗಳ ಜೊತೆಗೆ ಸೂಪಶಾಸ್ತ್ರವೂ ಒಂದು ಪ್ರಕರಣ, ವೈದ್ಯ ಇನ್ನೊಂದು. ಗ್ರಂಥಕರ್ತೃವಾದ ಚಾವುಂಡರಾಯ ಚಾಲುಕ್ಯ ಜಯಸಿಂಹನ ಆಶ್ರಯದವನು. ಗೊಮ್ಮಟನನ್ನು ನಿಲ್ಲಿಸಿದ, ಗಂಗರ ಕಾಲದ ಚಾವುಂಡರಾಯನೊಡನೆ ಅವನನ್ನು ಬೆರೆಸಬಾರದು. (ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿ ಈ ಇಬ್ಬರೂ ಒಬ್ಬರಾಗುವುದು ಈಗಲೂ ನಿಂತಿಲ್ಲ.) ಅಡುಗೆ ಮತ್ತು ವೈದ್ಯಗಳು ಒಂದೇ ಗ್ರಂಥದಲ್ಲಿ ಬೇರೆ ಬೇರೆ ಕೋಣೆಗಳಲ್ಲಿರುವುದು ಗಮನಾರ್ಹ. ರುಚಿಯ ಶಾಸ್ತ್ರ ಒಂದು, ಹಿತದ ಶಾಸ್ತ್ರ ಇನ್ನೊಂದು ಎಂಬ ತಿಳಿವು ಅಂದಿನವರಿಗಿತ್ತು.

16ನೆಯ ಶತಮಾನದ ಆದಿಭಾಗದ ಮೂರನೆಯ ಮಂಗರಸನ ‘ಸೂಪಶಾಸ್ತ್ರ’ ಇದನ್ನು ಇನ್ನಷ್ಟು ಸ್ಪಷ್ಟಪಡಿಸುತ್ತದೆ. ಹುಣಸೂರು ಸೀಮೆಯ ಕಲ್ಲಹಳ್ಳಿಯ ಪ್ರಭುವಾಗಿದ್ದ ಈ ಜೈನಕವಿ ‘ಸಮ್ಯಕ್ತ್ವಕೌಮುದಿ’, ‘ನೇಮಿಜಿನೇಶಸಂಗತಿ’ಗಳಂಥ ಧಾರ್ಮಿಕ ಕೃತಿಗಳನ್ನು ಬರೆದ ಕೈಯಲ್ಲಿಯೇ ವಾರ್ಧಕ ಷಟ್ಪದಿಯಲ್ಲಿ ಅಡುಗೆಯ ಪುಸ್ತಕವನ್ನೂ ಬರೆದನು. ಹಿಟ್ಟಿನ ಭಕ್ಷ್ಯಗಳು, ಪಾನಕಗಳು, ಅನ್ನದ ಬಗೆಗಳು, ಶಾಕಪಾಕಗಳು ಎಂದು ಅದು ಹರಡಿಕೊಳ್ಳುತ್ತದೆ. ತುಪ್ಪಕ್ಕೆ, ಹಾಲಿಗೆ, ಸಕ್ಕರೆಗೆ ಅಲ್ಲಿ ಬರವಿಲ್ಲ. ಬಹುಬೀಜವೆಂದು ನಿಷ್ಠಾವಂತ ಶ್ರಾವಕರು ದೂರವಿಡುವ ಬದನೆಕಾಯಿಗೂ ಅವನ ಅಡುಗೆಮನೆಯಲ್ಲಿ ಗೌರವದ ಜಾಗವಿದೆ. ಇದು ಸಿರಿವಂತರ ಮನೆಯ ಊಟ, ಹಬ್ಬದ ಊಟ. ಇದನ್ನು ತೋರಿಸಿ ‘ಹಿಂದಿನವರು ಹೀಗೆ ಉಂಡು ಆರೋಗ್ಯವಾಗಿದ್ದರು’ ಎನ್ನುವುದಾದರೆ ಇಂದಿನ ಮದುವೆಮನೆಯ ಎಲೆಯನ್ನು ತೋರಿಸಿ ಇಂದಿನವರ ದಿನದ ಊಟ ಇದೇ ಎಂದಂತಾಗುತ್ತದೆ. ಇನ್ನು ‘ಖಗೇಂದ್ರಮಣಿದರ್ಪಣ’ವೆಂಬ 14ನೆಯ ಶತಮಾನದ ವಿಷವೈದ್ಯಗ್ರಂಥವನ್ನು ಬರೆದ ಮಂಗರಾಜ ಬೇರೆಯವನು, ಒಬ್ಬ ಮಂಗನು ರುಚಿಯನ್ನು ಬರೆದರೆ ಇನ್ನೊಬ್ಬನು ವಿಷದ ಪರಿಹಾರವನ್ನು ಬರೆದನು.

ಪೂರ್ವಿಕರ ಆಹಾರ ಒಂದೇ ಆಗಿ ನಿಂತಿರಲಿಲ್ಲ ಎಂಬುದಕ್ಕೆ ಇಡ್ಲಿಯೇ ಸಾಕ್ಷಿ. ‘ವಡ್ಡಾರಾಧನೆ’ಯ ಇಡ್ಡಲಿಗೆ, ‘ಲೋಕೋಪಕಾರ’ದ ಉದ್ದಿನ ಹಿಟ್ಟಿನ ತಿನಿಸು, ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದ ಇಡ್ಡರಿಕೆ ಇವು ಉದ್ದಿನವು, ಅಕ್ಕಿಯ ಬೆರಕೆ ಅಲ್ಲಿ ಕಾಣುವುದಿಲ್ಲ. ಅದೇ ‘ಮಾನಸೋಲ್ಲಾಸ’ದ ಅನ್ನಭೋಗದಲ್ಲಿ ಹಂದಿ, ಆಮೆ, ಹೊಲದ ಇಲಿಗಳ ಅಡುಗೆಯೂ ಇದೆ. ಕಲ್ಯಾಣದ ಅರಸನೂ ಕಲ್ಲಹಳ್ಳಿಯ ಪ್ರಭುವೂ ಮಾಗಡಿಯ ಒಕ್ಕಲಿಗನೂ ‘ಪೂರ್ವಿಕರೇ’. ಯಾರ ಪೂರ್ವಿಕರು ಎಂಬ ಪ್ರಶ್ನೆಯನ್ನು ಮಾತ್ರ ಜಾಹೀರಾತು ಕೇಳುವುದಿಲ್ಲ.

ಧಾನ್ಯಗಳ ಮೇಲುಕೀಳಿನ ಪ್ರಶ್ನೆಯನ್ನು ಕನ್ನಡದಲ್ಲಿ ನೇರವಾಗಿ ಎತ್ತಿಕೊಂಡ ಕೃತಿ ಕನಕದಾಸರ ‘ರಾಮಧಾನ್ಯಚರಿತ್ರೆ’. ಲಂಕೆಯಿಂದ ಮರಳುವ ರಾಮನಿಗೆ ಮುನಿಗಳ ಆಶ್ರಮದಲ್ಲಿ ಔತಣ. ಧಾನ್ಯಗಳಲ್ಲಿ ಉತ್ತಮ ಯಾವುದೆಂಬ ಮಾತು ಹುಟ್ಟಿ ನರೆದಲೆಗಕ್ಕೆ, ಎಂದರೆ ರಾಗಿಗೆ, ಮೆಚ್ಚುಗೆ ಸಲ್ಲುತ್ತದೆ. ವ್ರೀಹಿಗೆ, ಎಂದರೆ ಭತ್ತಕ್ಕೆ, ಸಿಟ್ಟು ಬಂದು ಎರಡೂ ಪರಸ್ಪರ ಹಳಿದುಕೊಳ್ಳುತ್ತವೆ. ರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಸೆರೆಯಿಂದ ಹೊರಬಂದಾಗ ಭತ್ತ ಕಳೆಗುಂದಿದೆ, ನರೆದಲೆಗ ಹಾಗೆಯೇ ಇದೆ. ರಾಘವನ ಹೆಸರು ಅದಕ್ಕೆ ಸಲ್ಲುತ್ತದೆ. ಉಳ್ಳವರ ಮತ್ತು ಇಲ್ಲದವರ ಜಗಳವಾಗಿ ಈ ಕಥೆಯನ್ನು ವಿಮರ್ಶಕರು ಓದಿದ್ದಾರೆ. ಆ ಓದು ಸರಿಯಾದುದೇ. ಆದರೆ ಕಥೆಯೊಳಗಿನ ಪರೀಕ್ಷೆ ಯಾವುದು ಎಂಬುದನ್ನು ಅಷ್ಟು ಗಮನಿಸಿದಂತಿಲ್ಲ. ಯಾವುದು ಹೆಚ್ಚು ಪುಷ್ಟಿಕರ, ಯಾವುದು ರೋಗ ಕಳೆಯುತ್ತದೆ ಎಂದು ರಾಮನು ಕೇಳಲಿಲ್ಲ. ಕೆಡದೆ ಯಾವುದು ಉಳಿಯುತ್ತದೆ ಎಂಬುದೊಂದೇ ಅಲ್ಲಿಯ ತೀರ್ಪಿನ ಅಳತೆಗೋಲು. ಬರದ ಸೀಮೆಯವರು ಕೇಳಬೇಕಾದ ಪ್ರಶ್ನೆ ಅದೇ.

ಕನಕದಾಸರ ಕಥೆಯ ಆ ಅಳತೆಗೋಲು ಎಷ್ಟು ನಿಜವೆಂಬುದನ್ನು 1876–78ರ ಕ್ಷಾಮ ತೋರಿಸಿತು. ಹಗೇವುಗಳಲ್ಲಿ, ಎಂದರೆ ನೆಲದೊಳಗಿನ ಕಣಜಗಳಲ್ಲಿ, ರಾಗಿಯನ್ನು ವರ್ಷಗಟ್ಟಲೆ ಕೂಡಿಡುವುದು ಮೈಸೂರು ಸೀಮೆಯ ರೂಢಿ. ಮಳೆ ಮತ್ತೆ ಮತ್ತೆ ಕೈಕೊಟ್ಟಾಗ ಆ ದಾಸ್ತಾನೂ ಸಾಲಲಿಲ್ಲ. 1871ರ ಜನಗಣತಿಯಲ್ಲಿ 50 ಲಕ್ಷವನ್ನು ಮೀರಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕಿಂತ ಕೆಳಗಿಳಿದಿತ್ತು.

ಇದೇ ಕ್ಷಾಮದಲ್ಲಿ, ಬಳ್ಳಾರಿ ಸೇರಿದಂತೆ ಅಂದಿನ ಮದ್ರಾಸು ಪ್ರಾಂತದಲ್ಲಿ, ಎಲ್ಲರಿಗೂ ಒಂದೇ ಆಹಾರದ ಅಳತೆಯೆಂಬ ವಿಚಾರದ ಅತ್ಯಂತ ಕ್ರೂರ ಪ್ರಯೋಗ ನಡೆಯಿತು. 1877ರ ಆರಂಭದಲ್ಲಿ ಕ್ಷಾಮಪ್ರತಿನಿಧಿಯಾಗಿ ಬಂದ ಸರ್ ರಿಚರ್ಡ್ ಟೆಂಪಲ್, ಪರಿಹಾರ ಕಾಮಗಾರಿಯಲ್ಲಿ ದುಡಿಯುವ ಗಂಡಾಳಿನ ದಿನಗೂಲಿಯನ್ನು ಒಂದು ಪೌಂಡ್ ಧಾನ್ಯದ ಬೆಲೆ ಮತ್ತು ಅದರ ಮೇಲೆ ಅರ್ಧ ಆಣೆಗೆ ಇಳಿಸಿದನು. ಒಂದು ಪೌಂಡ್ ಎಂದರೆ 450 ಗ್ರಾಂನಷ್ಟು. ಪ್ರಾಂತದ ಸ್ಯಾನಿಟರಿ ಕಮಿಷನರ್ ಆಗಿದ್ದ ಡಾ. ಕಾರ್ನಿಷ್ ಇದನ್ನು ಬಲವಾಗಿ ವಿರೋಧಿಸಿದನು. ಮಣ್ಣು ಹೊರುವ ದೇಹಕ್ಕೆ ಒಂದೂವರೆ ಪೌಂಡ್ ಧಾನ್ಯವಾದರೂ ಬೇಕು. ಬರಿಯ ಧಾನ್ಯ ಸಾಲದು, ಬೇಳೆಯೂ ತರಕಾರಿಯೂ ಬೇಕು ಎಂಬುದು ಅವನ ವಾದ. ಕೂಲಿಕಾರರು ಶಿಬಿರಗಳಲ್ಲಿ ಬಡಕಲಾಗಿ ಸಾಯುತ್ತಿದ್ದುದನ್ನು ಕಂಡ ಮೇಲೆ ಆ ವರ್ಷದ ನಡುವೆ ಅಳತೆಯನ್ನು ಏರಿಸಲಾಯಿತು. ವಾದದ ಎರಡೂ ಕಡೆಯವರು ಆಹಾರವಿಜ್ಞಾನದ ಹೆಸರಿನಲ್ಲಿಯೇ ಮಾತಾಡಿದರು. ಒಬ್ಬನ ಕೈಯಲ್ಲಿ ಎಲ್ಲ ದೇಹಗಳಿಗೂ ಒಂದೇ ಅಂಕಿ ಇತ್ತು. ಇನ್ನೊಬ್ಬನು ಆ ದೇಹ ಏನು ಮಾಡುತ್ತಿದೆ ಎಂದು ನೋಡಿದನು. ‘ಮಾತ್ರೆ, ಕಾಲ, ದೇಹ’ ಎಂದು ಚರಕ ಹೇಳಿದ್ದನ್ನು ಕಾರ್ನಿಷ್ ಓದಿರಬೇಕಾಗಿರಲಿಲ್ಲ.

ಕ್ಷಾಮದ ನೆನಪು ಮಾಸಿದ ಮೇಲೆ ರಾಗಿ ಮತ್ತೆ ಬಡವರ ಕಾಳಾಯಿತು. ಅದನ್ನು ಎತ್ತಿದವರಲ್ಲಿ ಮುಖ್ಯರು ಮಂಡ್ಯದ ವಿ.ಸಿ. ಫಾರಂನಲ್ಲಿ ದುಡಿದ ‘ರಾಗಿ’ ಲಕ್ಷ್ಮಣಯ್ಯನವರು. ಭಾರತೀಯ ತಳಿಗಳನ್ನು ಆಫ್ರಿಕದ ತಳಿಗಳೊಡನೆ ಸಂಕರಿಸಿ ಅವರು ಹೊರತಂದ ‘ಇಂಡಾಫ್’ ತಳಿಗಳ ಹೆಸರಿನಲ್ಲಿಯೇ ಎರಡು ಖಂಡಗಳು ಕೂಡಿವೆ. ರಾಗಿಯ ಮೂಲ ಪೂರ್ವ ಆಫ್ರಿಕದ ಎತ್ತರದ ಸೀಮೆ ಎಂಬುದನ್ನು ನೆನೆದರೆ ಅದು ಹಳೆಯ ನೆಂಟಸ್ತನವನ್ನು ಮತ್ತೆ ಕುದುರಿಸಿದಂತೆಯೇ ಸರಿ. ಆಮೇಲೆ ವಿಶ್ವಸಂಸ್ಥೆ 2023ನ್ನು ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಸಾರಿದ ಹೊತ್ತಿಗೆ ಕಿರುಧಾನ್ಯ ಸಿರಿಧಾನ್ಯವಾಗಿತ್ತು. ಹೆಸರಿನೊಡನೆ ಬೆಲೆಯೂ ಬದಲಾಯಿತು. ನವಣೆ, ಸಾಮೆ, ಹಾರಕ, ಊದಲು, ಕೊರಲೆ ಈ ಐದು ಒಳ್ಳೆಯವು, ರಾಗಿ ಜೋಳಗಳು ನಡುವಿನವು, ಅಕ್ಕಿ ಗೋಧಿಗಳು ಕೆಟ್ಟವು ಎಂಬ ವಿಂಗಡಣೆ ಈಗ ಜನಪ್ರಿಯವಾಗಿದೆ. ರಾಮನ ಮುಂದೆ ಗೆದ್ದ ನರೆದಲೆಗ ಈ ಹೊಸ ಸಭೆಯಲ್ಲಿ ಮಧ್ಯಮ ದರ್ಜೆಗೆ ಇಳಿದಿದೆ.

ಧಾನ್ಯಗಳ ಗುಣ ಅಲ್ಲಗಳೆಯುವಂಥದಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು 360 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಪಾಲಿಷ್ ಮಾಡಿದ ಅಕ್ಕಿಯಲ್ಲಿ 10 ಮಿಲಿಗ್ರಾಂ ಕೂಡ ಇಲ್ಲ. ನಾರಿನ ಅಂಶವೂ ರಾಗಿಯಲ್ಲಿ ಬಹಳ ಹೆಚ್ಚು. ಆದರೆ ಪ್ರೋಟೀನು ಎರಡರಲ್ಲಿಯೂ ಹೆಚ್ಚುಕಡಿಮೆ 7ರಿಂದ 8 ಗ್ರಾಂ. ಎರಡರಲ್ಲಿಯೂ ಬಹುಭಾಗ ಪಿಷ್ಟವೇ. ರಾಗಿಯನ್ನು ನುಣ್ಣಗೆ ಬೀಸಿ ಬೆಲ್ಲ ಹಾಕಿ ಕುಡಿದರೆ ಮಧುಮೇಹಿಯ ರಕ್ತದಲ್ಲಿ ಸಕ್ಕರೆ ಏರುತ್ತದೆ. ಧಾನ್ಯವನ್ನೇ ಔಷಧವೆಂದು ನಂಬಿ ಇನ್ಸುಲಿನ್ನನ್ನೋ ಮಾತ್ರೆಯನ್ನೋ ತಾವಾಗಿಯೇ ನಿಲ್ಲಿಸುವವರ ಪ್ರಾಣವೇ ಪಣಕ್ಕೆ ಬೀಳುತ್ತದೆ. ಪಥ್ಯವು ಔಷಧದ ಜೊತೆಗೆ ನಡೆಯುವುದೆಂಬ ಹಳೆಯ ವೈದ್ಯರ ಕ್ರಮವನ್ನು, ಆ ವೈದ್ಯರ ಹೆಸರನ್ನೇ ಹೇಳುತ್ತ ಮುರಿಯುವುದು ವಿಪರ್ಯಾಸ.

ರೋಗಿಯನ್ನು ಕಳೆದುಕೊಂಡ ಪಥ್ಯಗಳ ಕಥೆ ಹೊರದೇಶಗಳಲ್ಲಿಯೂ ಇದೇ. 1863ರಲ್ಲಿ ವಿಲಿಯಂ ಬ್ಯಾಂಟಿಂಗ್ ಎಂಬ ಲಂಡನ್ನಿನ ಶವಸಂಸ್ಕಾರದ ವ್ಯಾಪಾರಿ, ವೈದ್ಯರ ಸಲಹೆಯಂತೆ ಬ್ರೆಡ್ಡು, ಸಕ್ಕರೆ, ಬಿಯರು, ಆಲೂಗಡ್ಡೆಗಳನ್ನು ಬಿಟ್ಟು ತಾನು ತೆಳ್ಳಗಾದುದನ್ನು ಕಿರುಹೊತ್ತಿಗೆಯಾಗಿ ಅಚ್ಚುಹಾಕಿಸಿದನು. ಅವನ ಹೆಸರು ಕೆಲಕಾಲ ಇಂಗ್ಲಿಷಿನಲ್ಲಿ ಕ್ರಿಯಾಪದವೇ ಆಯಿತು. ಇಂದು ಬಸವೇಶ್ವರನಗರದ ಮನೆಬಾಗಿಲಿಗೆ ಡಬ್ಬಿಯಲ್ಲಿ ಬರುವ ಕೀಟೋ ಊಟದ ಮೂಲ 1921ರ ಅಮೆರಿಕದಲ್ಲಿದೆ: ಮೇಯೋ ಕ್ಲಿನಿಕ್ಕಿನ ಡಾ. ವೈಲ್ಡರ್ ಮೂರ್ಛೆರೋಗಿಗಳಿಗಾಗಿ ಅದನ್ನು ಸೂಚಿಸಿದನು. ಉಪವಾಸದಲ್ಲಿ ಸೆಳವು ಕಡಿಮೆಯಾಗುವುದನ್ನು ಕಂಡು, ಉಪವಾಸವಿಲ್ಲದೆ ಅದೇ ಸ್ಥಿತಿಯನ್ನು ತರುವ ಉಪಾಯವದು. ಔಷಧಕ್ಕೆ ಬಗ್ಗದ ಮೂರ್ಛೆಯುಳ್ಳ ಮಕ್ಕಳಿಗೆ ವೈದ್ಯರು ಈಗಲೂ ಅದನ್ನು ಕೊಡುತ್ತಾರೆ, ಪರೀಕ್ಷಿಸುತ್ತ, ಅಳೆಯುತ್ತ ಕೊಡುತ್ತಾರೆ. ಗೋಧಿಯ ಅಂಟನ್ನು ಬಿಡುವ ಆಹಾರವೂ ಸೀಲಿಯಾಕ್ ಎಂಬ ಕರುಳಿನ ರೋಗಕ್ಕೆ ಹುಟ್ಟಿದ್ದು. ಆ ರೋಗವಿದ್ದವರಿಗೆ ಅದು ಜೀವದ ಪ್ರಶ್ನೆ. ಉಳಿದವರಿಗೆ ಬಹುಮಟ್ಟಿಗೆ ಖರ್ಚಿನ ಪ್ರಶ್ನೆ.

ಉಪವಾಸದ ವಿಷಯಕ್ಕೆ ಬಂದರೆ ಜೈನಶಾಸ್ತ್ರಗಳ ಹೆಸರನ್ನು ಬಳಸಿಕೊಳ್ಳುವುದು ಈಚೆಗೆ ಹೆಚ್ಚಾಗಿದೆ. ಸೂರ್ಯಾಸ್ತದ ನಂತರ ಉಣ್ಣದಿರುವುದು, ಏಕಾಶನ, ಅನಶನಗಳನ್ನು ತೂಕ ಇಳಿಸುವ ಪ್ರಾಚೀನ ತಂತ್ರಗಳೆಂದು ವರ್ಣಿಸಲಾಗುತ್ತಿದೆ. ತತ್ತ್ವಾರ್ಥಸೂತ್ರದ 9ನೆಯ ಅಧ್ಯಾಯ ಬಾಹ್ಯತಪಸ್ಸುಗಳು ಆರೆಂದು ಎಣಿಸುತ್ತದೆ. ಅನಶನ, ಅವಮೌದರ್ಯ, ರಸಪರಿತ್ಯಾಗಗಳು ಅವುಗಳಲ್ಲಿ ಸೇರಿವೆ. ಅವಮೌದರ್ಯವೆಂದರೆ ಹೊಟ್ಟೆ ತುಂಬುವುದಕ್ಕಿಂತ ಕಡಿಮೆ ಉಣ್ಣುವುದು. ಗಂಡಸಿನ ಪೂರ್ಣ ಆಹಾರ 32 ತುತ್ತು, ಹೆಂಗಸಿನದು 28 ತುತ್ತು ಎಂದು ‘ಮೂಲಾಚಾರ’ ಅಳತೆ ಹೇಳಿ, ಅದಕ್ಕಿಂತ ಕಡಿಮೆಯಾದುದನ್ನು ಈ ತಪಸ್ಸೆಂದು ಕರೆಯುತ್ತದೆ. ಇದೇ ಸೂತ್ರಕ್ಕೆ ‘ಸರ್ವಾರ್ಥಸಿದ್ಧಿ’ಯಲ್ಲಿ ವ್ಯಾಖ್ಯಾನ ಬರೆದ ಪೂಜ್ಯಪಾದರು, ಅನಶನವು ಕಣ್ಣಿಗೆ ಕಾಣುವ ಫಲದ ಅಪೇಕ್ಷೆಯಿಲ್ಲದೆ ಮಾಡುವಂಥದೆಂದು ಮೊದಲೇ ಹೇಳಿಬಿಡುತ್ತಾರೆ. ಸಂಯಮ, ರಾಗದ ನಾಶ, ಕರ್ಮಕ್ಷಯ, ಧ್ಯಾನಗಳು ಅದರ ಗುರಿ. ಅವಮೌದರ್ಯಕ್ಕೆ ಎಚ್ಚರ, ಸಂತೋಷ, ಸ್ವಾಧ್ಯಾಯಗಳು ಪ್ರಯೋಜನ. ವೈದ್ಯಗ್ರಂಥವೊಂದನ್ನೂ ಪರಂಪರೆ ಯಾರ ಹೆಸರಿಗೆ ಸಲ್ಲಿಸುತ್ತದೆಯೋ ಆ ಆಚಾರ್ಯರೇ ತಪಸ್ಸನ್ನು ಚಿಕಿತ್ಸೆಯಿಂದ ಇಷ್ಟು ಸ್ಪಷ್ಟವಾಗಿ ಬೇರ್ಪಡಿಸಿದ್ದಾರೆ. ತಕ್ಕಡಿಯ ಮುಳ್ಳನ್ನು ನೋಡುತ್ತ ಮಾಡುವ ಉಪವಾಸ ಒಳ್ಳೆಯದಿರಬಹುದು, ಕೆಟ್ಟದಿರಬಹುದು. ಪೂಜ್ಯಪಾದರು ಹೇಳಿದ ಅನಶನವಂತೂ ಅದಲ್ಲ.

ಹಾಗಾದರೆ ಪೂರ್ವಿಕರ ಊಟದಿಂದ ತಿಳಿಯುವುದು ಏನೂ ಇಲ್ಲವೇ? ಗ್ರಂಥಗಳಿಗಿಂತ ಹಿಂದಿನ ಸಾಕ್ಷ್ಯವೊಂದಿದೆ. ಬಳ್ಳಾರಿಯ ಬಳಿಯ ಸಂಗನಕಲ್ಲು ಮೊದಲಾದ ನವಶಿಲಾಯುಗದ ನೆಲೆಗಳ ಬೂದಿಯಲ್ಲಿ ದೊರೆತ ಸುಟ್ಟ ಕಾಳುಗಳನ್ನು ಪುರಾತತ್ತ್ವ ಸಸ್ಯವಿಜ್ಞಾನಿಗಳು ಪರಿಶೀಲಿಸಿದ್ದಾರೆ. ನಾಲ್ಕು ಸಾವಿರ ವರ್ಷಗಳ ಹಿಂದಿನ ಆ ಒಕ್ಕಲಿಗರು ಬೆಳೆದುದರಲ್ಲಿ ಮುಖ್ಯವಾದುವು ಕೊರಲೆ, ನವಣೆಯ ಜಾತಿಗೆ ಸೇರಿದ ಒಂದು ಹುಲ್ಲುಧಾನ್ಯ, ಹುರುಳಿ ಮತ್ತು ಹೆಸರು. ಇಂದು ಕೊರಲೆಯನ್ನು ಮಾರುವವರು ಈ ಪಟ್ಟಿಯ ಮೊದಲರ್ಧವನ್ನಷ್ಟೇ ಓದುತ್ತಾರೆ. ಧಾನ್ಯದ ಪಕ್ಕದಲ್ಲಿ ಕಾಳು ಅಂದೇ ಇತ್ತು. ಧಾನ್ಯದ ಪ್ರೋಟೀನಿನಲ್ಲಿ ಕೊರತೆಯಾದ ಲೈಸಿನ್ನನ್ನು ತುಂಬುವುದು ಆ ಕಾಳು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2024ರಲ್ಲಿ ಹೊರಡಿಸಿದ ಮಾರ್ಗಸೂಚಿಯೂ ಇದಕ್ಕೆ ದೂರವಿಲ್ಲ. ದಿನದ ಶಕ್ತಿಯಲ್ಲಿ ಧಾನ್ಯ ಸಿರಿಧಾನ್ಯಗಳ ಪಾಲು 45 ಪ್ರತಿಶತವನ್ನು ಮೀರಬಾರದು, ಬೇಳೆಕಾಳು ಅಥವಾ ಮಾಂಸದಿಂದ 15 ಪ್ರತಿಶತದವರೆಗೆ ಬರಬೇಕು, ಉಳಿದುದು ತರಕಾರಿ, ಹಣ್ಣು, ಹಾಲು, ಎಣ್ಣೆಬೀಜಗಳಿಂದ ಎಂದು ಅದು ಹೇಳುತ್ತದೆ. ಅಕ್ಕಿಯ ಜಾಗಕ್ಕೆ ನವಣೆಯನ್ನು ತಂದು ತಟ್ಟೆಯ ಮುಕ್ಕಾಲನ್ನು ಅದರಿಂದಲೇ ತುಂಬಿದರೆ ಈ ಲೆಕ್ಕ ಕೂಡುವುದಿಲ್ಲ.

ಮಾಗಡಿ ಸೀಮೆಯ ರಾಗಿ ಹೊಲದಲ್ಲಿ ಈ ಲೆಕ್ಕವನ್ನು ಅಂಕಿಗಳಿಲ್ಲದೆ ಬಿತ್ತುತ್ತಿದ್ದರು. ಅದಕ್ಕೆ ಅಕ್ಕಡಿ ಸಾಲು ಎಂದು ಹೆಸರು. ಇಷ್ಟು ಸಾಲು ರಾಗಿಗೆ ಒಂದು ಸಾಲು ಅವರೆ ಅಥವಾ ತೊಗರಿ, ನಡುನಡುವೆ ಸಾಸಿವೆ, ಹುಚ್ಚೆಳ್ಳು, ಅಂಚಿನಲ್ಲಿ ಹರಳು. ರಾಗಿಯ ಜೊತೆಗೆ ಬೆಳೆಯುವ ಅಣ್ಣೆಸೊಪ್ಪು, ಗೋಣಿಸೊಪ್ಪುಗಳನ್ನು ಕಳೆಯೆಂದು ಎಸೆಯದೆ ಹೆಂಗಸರು ಮಡಿಲು ತುಂಬಿಕೊಂಡು ಬಂದು ಬೆರಕೆ ಸೊಪ್ಪಿನ ಸಾರು ಮಾಡುತ್ತಿದ್ದರು. ರಾಗಿ ಕೊಯ್ಲಾದ ಮೇಲೂ ಅವರೆ ಹೊಲದಲ್ಲಿ ನಿಂತಿರುತ್ತದೆ. ಮಾರ್ಗಶಿರ ಪುಷ್ಯಗಳ ಚಳಿಯಲ್ಲಿ ಅದರ ಸೊಗಡು ಏರಿದಾಗ ಕಾಯಿಗಳು ಮೂಟೆಯಾಗಿ ಇದೇ ಮಾಗಡಿ ರಸ್ತೆಯಲ್ಲಿ ಬಂದು ವಿಜಯನಗರದ ಮಾರುಕಟ್ಟೆಯ ಬಳಿ ರಾಶಿ ಬೀಳುತ್ತವೆ.